ನೀಲಿ ಪುಸ್ತಕಕ್ಕೆ ಅರ್ಜಿ

ಕೋಡಿಬಾಗದ ಈ ಬಾಡಿಗೆ ಮನೆಗೆ
ವಿಚಾರಣೆಗೆ ಬಂದಿದ್ದಾನೆ ಪೊಲೀಸ್ ಪೇದೆ.
ಬೈಲಹೊಂಗಲದ ಕಡೆಯವನಂತೆ; ಕಾರವಾರದ ಸೆಕೆ
ಎರಡು ವರ್ಷವಾದರೂ ಮೈಗೆ ಒಗ್ಗಿಲ್ಲ.
ಟೋಪಿ ತೆಗೆದು ಮೊಣಕಾಲ ಮೇಲಿಟ್ಟು
ಫ್ಯಾನಿನ ಕೆಳಗೇ ಕುರ್ಚಿ ಎಳೆದುಕೊಳ್ಳುತ್ತಾನೆ.

ಹೆಸರು?
ಸುಲಭಾ ತಾಂಡೇಲ.
ತಾಂಡೇಲ ಅಂದರೆ?
ದೋಣಿಯ ಮೂತಿಯಲ್ಲಿ ನಿಂತು, ನೀರಿನ ಬಣ್ಣ ನೋಡಿ
ಬಲೆ ಬಿಡಿ ಎಂದು ಕೈ ಎತ್ತುವವನು. ನನ್ನ ಅಜ್ಜ.
ನಾನು ಕೈ ಎತ್ತಿದ್ದು
ಎತ್ತು ಎಂದು ಬೇರೆಯವರು ಹೇಳಿದಾಗ.
(ಇದನ್ನು ಅವನಿಗೆ ಹೇಳಲಿಲ್ಲ.)

ಹಳೆಯ ಪಾಸ್‌ಪೋರ್ಟ್?
ವಾಪಸು ಕೊಟ್ಟೆ. ಅದು ಕೆಂಪಿನದು, ಸರಕಾರದ್ದು.
ಇಪ್ಪತ್ತೆರಡು ವರ್ಷ
ಯಾವ ವಿಮಾನ ನಿಲ್ದಾಣದಲ್ಲೂ ನನ್ನ ಚೀಲ ತೆರೆಸಲಿಲ್ಲ.
ಒಳಗೆ ಇದ್ದದ್ದಾದರೂ ಏನು,
ಅಮ್ಮ ಕಟ್ಟಿಕೊಟ್ಟ ಒಣ ಶೆಟ್ಲಿ, ಮುರುಗಲ ಸಿಪ್ಪೆ,
ತಿದ್ದಿ ತಿದ್ದಿ ಸವೆದ ಕೆಲವು ವಾಕ್ಯ.

ವಾಕ್ಯ ತಿದ್ದುವುದೇ ನನ್ನ ಕೆಲಸವಾಗಿತ್ತು.
‘ಖಂಡಿಸುತ್ತೇವೆ’ಯನ್ನು ‘ಕಳವಳ’ಕ್ಕೆ ಇಳಿಸುವುದು,
‘ಕಳವಳ’ಕ್ಕೆ ‘ತೀವ್ರ’ ಸೇರಿಸಬೇಕೇ ಎಂದು
ರಾತ್ರಿ ಎರಡಕ್ಕೆ ದೆಹಲಿಯನ್ನು ಕೇಳುವುದು.
ಒಂದು ಅಲ್ಪವಿರಾಮಕ್ಕಾಗಿ
ಹನ್ನೊಂದು ದಿನ ಕೂತಿದ್ದೇನೆ. ಗೆದ್ದಿದ್ದೇನೆ ಕೂಡ.

ಒಮ್ಮೆ ಒಂದು ಬಂದರಿನ ಜೈಲಿಗೆ ಹೋಗಿದ್ದೆ.
(ದೇಶದ ಹೆಸರು ಈಗಲೂ ಬಾಯಿಗೆ ಬರುವುದಿಲ್ಲ, ರೂಢಿ.)
ಬೇರೆಯವರ ಟ್ರಾಲರಿನಲ್ಲಿ ದುಡಿಯಲು ಹೋದ ಮೂವತ್ತೊಂದು ಜನ,
ಗೆರೆ ದಾಟಿದರೆಂದು ಹಿಡಿದಿದ್ದರು.
ನನ್ನ ಇಂಗ್ಲಿಷು ಮುಗಿಯುವ ತನಕ ಕಾದು
ಒಬ್ಬ ಕೇಳಿದ, ನಮ್ಮ ಕಡೆಯ ಕನ್ನಡದಲ್ಲಿ:
‘ಅಮಾ, ಆ ಗೆರೆ ಎಲ್ಲಿತ್ತು? ನಂಗೆ ಕಾಣ್ಲೇ ಇಲ್ಲ.’
ಬೊಮ್ಮಯ್ಯ ಅಂಬಿಗ, ವನ್ನಳ್ಳಿ, ಕುಮಟಾ ತಾಲೂಕು.
ಪಟ್ಟಿಯಲ್ಲಿ ಹತ್ತೊಂಬತ್ತನೆಯವ. ಕೆಮ್ಮುತ್ತಿದ್ದ.

ಪಟ್ಟಿ ಸದ್ಯ ಹಿಡಿದಿಡಿ, ಎಂದು ಸಂದೇಶ ಬಂತು;
ಮುಂದಿನ ತಿಂಗಳು ಅನಿಲದ ಮಾತುಕತೆ ಇದೆ.
ಹಿಡಿದಿಟ್ಟೆ.
ಮಾತುಕತೆ ಚೆನ್ನಾಗಿಯೇ ಆಯಿತು.
ಮೂವತ್ತು ಜನ ಬಿಡುಗಡೆಯಾದರು.

ಆ ದಿನವೇ ರಾಜೀನಾಮೆ ಬರೆದೆ ಎಂದರೆ
ಕೇಳಲು ಚೆಂದ. ಇಲ್ಲ.
ಆ ವರ್ಷ ನನಗೆ ಬಡ್ತಿ ಬಂತು. ಹೊಸ ಮನೆಗೆ ಪರದೆ ಹೊಲಿಸಿದೆ.
ಆರು ವರ್ಷ ಕಳೆದ ಮೇಲೆ, ಯಾರದೋ ಔತಣದಲ್ಲಿ,
ಮೀನಿನ ಮುಳ್ಳು ಬಿಡಿಸಿ ತಟ್ಟೆಯಂಚಿಗೆ ಇಡುತ್ತ ಇಡುತ್ತ
ಎಣಿಸಿಬಿಟ್ಟೆ. ಹದಿನೇಳು, ಹದಿನೆಂಟು,
ಕರವಸ್ತ್ರ ಮಡಿಚಿಟ್ಟು ಎದ್ದೆ.
ಅರ್ಜಿಯಲ್ಲಿ ಬರೆದದ್ದು ‘ವೈಯಕ್ತಿಕ ಕಾರಣ’.
ಅದನ್ನೂ ಮೂರು ಸಲ ತಿದ್ದಿದ್ದೆ.

ಸಾಕ್ಷಿಗೆ ಪಕ್ಕದ ದ್ರೌಪದಿ ಹರಿಕಂತ್ರ ಬಂದಳು,
ಮೀನಿನ ಬುಟ್ಟಿಯನ್ನು ಹೊಸ್ತಿಲಲ್ಲೇ ಇಳಿಸಿ.
‘ಇವರು ಗೊತ್ತೇನು ನಿಮಗ?’
‘ಗೊತ್ತು ಅಂದ್ರೆ, ನಾಕು ತಿಂಗಳಾಯ್ತು,
ನನ್ನ ಹತ್ರವೇ ಬಂಗಡೆ ತಕಂತಾರೆ.
ಪಾಪ, ಚೌಕಾಸಿ ಮಾಡೂಕೆ ಬರೂದಿಲ್ಲ. ಹೇಳಿದಷ್ಟು ಕೊಡ್ತಾರೆ.
ಒಳ್ಳೆಯವರೇ ಇರ್ಬೇಕು.’
‘ನಡತೆ ಉತ್ತಮ’ ಎಂದಷ್ಟೇ ಬರೆದುಕೊಂಡ ಪೇದೆ.
ವಾಕ್ಯ ಇಳಿಸುವುದು ಅವನಿಗೂ ಗೊತ್ತು.

ವೃತ್ತಿ?
ನಾನಿನ್ನೂ ಯೋಚಿಸುತ್ತಿರುವಾಗಲೇ
‘ಮನೆಗೆಲಸ’ ಎಂದು ತುಂಬಿದ.
ತಿದ್ದಲಿಲ್ಲ.

ಕುಮಟೆ ಇಲ್ಲಿಂದ ಎರಡು ತಾಸಿನ ಬಸ್ಸು.
ಎರಡು ಸಲ ಟಿಕೇಟು ತೆಗೆಸಿ, ಅಂಕೋಲೆಯಲ್ಲೇ ಇಳಿದು
ಸ್ಟ್ಯಾಂಡಿನಲ್ಲಿ ಚಹಾ ಕುಡಿದು ವಾಪಸು ಬಂದಿದ್ದೇನೆ.
ಏನೆಂದು ಹೇಳುವುದು ಆ ಮನೆಯ ಬಾಗಿಲಲ್ಲಿ?
ಕಳವಳವೇ, ತೀವ್ರ ಕಳವಳವೇ?

ಏಳುವ ಮೊದಲು ಇನ್ನೊಂದು ಕೇಳಿದ, ಫಾರ್ಮಿನಲ್ಲಿ ಇಲ್ಲದ್ದು:
‘ಇನ್ನ ಯಾವ ದೇಶಕ್ಕ ಹೊಂಟೀರಿ ಮೇಡಂ?’
‘ಸದ್ಯ ಕುಮಟೆಗೆ.’
ನಕ್ಕ. ‘ಅಲ್ಲಿಗೆ ಪಾಸ್‌ಪೋರ್ಟ್ ಬೇಕಿಲ್ರಿ.’
ಟೋಪಿ ಹಾಕಿಕೊಂಡ. ದ್ರೌಪದಿಯ ಬುಟ್ಟಿಯಿಂದ ಸೋರಿದ ನೀರು
ಹೊಸ್ತಿಲಲ್ಲಿ ಇನ್ನೂ ಆರಿರಲಿಲ್ಲ, ಅದನ್ನು ದಾಟಿ
ಗೇಟಿನ ಚಿಲಕ ಹಾಕದೆ ಹೋದ.