ಸೊನ್ನೆ ಸವೆದ ಕೋಲು

ಇಲ್ಲಿ ನೀರು ತೊಂಬತ್ತಕ್ಕೇ ಕುದಿಯುತ್ತದೆ,
ಚಹಾ ಬಣ್ಣ ಬಿಡಲು ಹಟ ಮಾಡುತ್ತದೆ.
ಉಲ್ಜಾನ್ ಈ ಹಿಮಠಾಣೆಗೆ ಬಂದು ಮೂರನೆಯ ದಿನ.
ಬಿಷ್ಕೆಕ್‌ನ ಹುಡುಗಿ, ಕಾಲಲ್ಲಿ ಅಣ್ಣನ ಬೂಟು.
ಕೋಲನ್ನು ಗೋಡೆಗೆ ಒರಗಿಸಿ ಕೇಳಿದಳು:
"ಜಿಪಾರಾ ಎಜೆ, ಇದರ ಸೊನ್ನೆ ಎಲ್ಲಿ?"

ಸೊನ್ನೆ ಎಲ್ಲಿಗೆ ಹೋಗುತ್ತದೆ ಹುಡುಗಿ,
ಇದ್ದಲ್ಲೇ ಇರುತ್ತದೆ, ಅಂದೆ.
ತಿರುಗಿಯೂ ನೋಡಲಿಲ್ಲ.

ಆ ಕೋಲು ಬೇಕ್‌ತೆನ್ ತಾತ ಕೆತ್ತಿದ್ದು.
ಇಪ್ಪತ್ತೆರಡು ಚಳಿಗಾಲ, ಬೆಳಿಗ್ಗೆ ಎಂಟಕ್ಕೆ,
ಇಳಿಜಾರಿನ ಮೂವತ್ತು ಜಾಗಗಳಲ್ಲಿ
ಹಿಮದೊಳಗೆ ಇಳಿಸುತ್ತಿದ್ದ, ಕಲ್ಲಿಗೆ ತಾಗುವ ತನಕ.
ಟಕ್.
ಟಕ್ ಅಂದರೆ ನೆಲ ಸಿಕ್ಕಿತು.
ಮೇಲೆ ಎಷ್ಟು ಮುಳುಗಿದೆಯೋ ಅಷ್ಟು ಹಿಮ.
ಜ್ವರ ಬಂದು ಮಲಗಿದ ದಿನ ಪುಸ್ತಕದಲ್ಲಿ
"ನೋಡಲಿಲ್ಲ" ಎಂದು ಬರೆದಿದ್ದಾನೆ.
ನಿನ್ನೆಯದನ್ನೇ ಇಳಿಸಬಹುದಿತ್ತಲ್ಲ ಎಂದರೆ
ಸುಳ್ಳು ಅಂಕಿಗಿಂತ ಖಾಲಿ ಚೌಕ ವಾಸಿ, ಅನ್ನುತ್ತಿದ್ದ.

ನಾನು ಆ ಪುಸ್ತಕಗಳಿಂದ ಬರೆದೆ:
ಈ ಇಳಿಜಾರಲ್ಲಿ ಹಿಮ ಕರಗಿ ಕಡಿಮೆಯಾಗುತ್ತಿಲ್ಲ,
ಬದಲಿಗೆ ಮೂರು ಸೆಂಟಿಮೀಟರ್ ಬೆಳೆದಿದೆ.
ಎಲ್ಲರಿಗೂ ಬೇಕಾಗಿದ್ದ ಮಾತು.
ಪತ್ರಿಕೆಯಲ್ಲಿ ನನ್ನ ಫೋಟೋ, ಪಕ್ಕದಲ್ಲಿ ಯಾರದೋ ಕುದುರೆ.
ಮೂವರು ಪಂಡಿತರು ಪರೀಕ್ಷಿಸಿದರು;
ಕೂಡಿದ್ದು ಸರಿ, ಕಳೆದದ್ದು ಸರಿ.
ಕೋಲನ್ನು ಅವರು ನೋಡಿರಲಿಲ್ಲ.
ನಾನು ನೋಡಿದ್ದೆ, ದಿನಾ.

ಉಲ್ಜಾನ್ ಟೇಪು ಹಿಡಿದಳು.
ಇನ್ನೂರು ಇರಬೇಕಾದದ್ದು
ನೂರ ತೊಂಬತ್ತೇಳು.
ಟಕ್ ಎಂದಾಗಲೆಲ್ಲ ಕೂದಲೆಳೆಯಷ್ಟು
ಕಲ್ಲು ತಿಂದಿತ್ತು ಕೋಲಿನ ತುದಿಯನ್ನು.
ಕೆಳಗೆ ಸವೆದದ್ದು
ಮೇಲೆ ಹಿಮವಾಗಿ ಬೆಳೆದಿತ್ತು,
ನನ್ನ ಹೆಸರೂ ಅದರ ಜೊತೆ.

ಆ ರಾತ್ರಿ ಒಲೆಯ ಬಾಯಿ ದೊಡ್ಡದಾಗಿ ಕಂಡಿತು.
ಕೋಲು ಎರಡು ತುಂಡಾದರೆ ಸಾಕು, ಒಳಗೆ ಹಿಡಿಸುತ್ತದೆ.
ಸಬೂಬುಗಳೂ ಸಾಲುಗಟ್ಟಿ ಬಂದವು:
ಮೊದಲಿಂದಲೇ ಗಿಡ್ಡವಿತ್ತೇನೋ,
ಹೋದ ವರ್ಷವಷ್ಟೇ ಮುರಿಯಿತೇನೋ.
ಹಾಗಾದರೆ ತಾಳೆ ನೋಡು ಅಂದಳು ಹುಡುಗಿ,
ಅರ್ಧ ನಿದ್ದೆಯಲ್ಲಿ.

ತಾಳೆ ನೋಡಲು ದಾರಿಯಿತ್ತು.
ಬಿದ್ದ ಹಿಮವನ್ನು ತಗಡಿನ ಡಬ್ಬಿಯಲ್ಲಿ ಹಿಡಿದು
ಕರಗಿಸಿ, ನೀರು ಅಳೆದು ಬರೆದ ಪುಸ್ತಕ
ಅದೇ ಕಪಾಟಿನಲ್ಲಿ, ಅದೇ ಧೂಳಿನಲ್ಲಿ.
ಹಿಮ ಬೆಳೆದಿದ್ದರೆ ನೀರೂ ಬೆಳೆಯಬೇಕಿತ್ತು.
ಬೆಳೆದಿರಲಿಲ್ಲ.
ಅದನ್ನು ನಾನು ತೆರೆದೇ ಇರಲಿಲ್ಲ, ಯಾಕೆಂದರೆ
ನನಗೆ ಬೇಕಾದ ಉತ್ತರ ಆಗಲೇ ಸಿಕ್ಕಿತ್ತು.

ಕೋಲು ಹೊತ್ತು ನರೀನ್‌ಗೆ ಹೋದೆ.
ಬೇಕ್‌ತೆನ್‌ಗೆ ಈಗ ಕಿವಿ ಮಂದ.
ಕೂಗಿ ಹೇಳಬೇಕಾಯಿತು ತಪ್ಪನ್ನು,
ಅಕ್ಕಪಕ್ಕದ ಮನೆಗಳಿಗೂ ಕೇಳುವಂತೆ.
ಹೆಬ್ಬೆರಳಿಂದ ತುದಿ ಸವರಿದ, ಎರಡು ಸಲ.
"ಕಲ್ಲು ತನ್ನ ಕೆಲಸ ಮಾಡಿದೆ," ಅಂದ.
ಆಮೇಲೆ, ಸಣ್ಣಗೆ,
"ನನ್ನ ಪುಸ್ತಕ ಒಲೆಗೋ?"

ಇಲ್ಲ ತಾತ. ಒಂದಂಕಿಯನ್ನೂ ಅಳಿಸುವುದಿಲ್ಲ.
ಒಂದೇ ಗೆರೆ, ಕೆಳಗಿನದು ಓದಲು ಬರುವಂತೆ;
ಪಕ್ಕದಲ್ಲಿ ಹೊಸದು, ತಾರೀಕು, ಕಾರಣ.
"ಹಾಗಾದರೆ ತಪ್ಪಿನ ಕೆಳಗೆ
ನನ್ನ ಹೆಸರೂ ಹಾಕು.
ಒಬ್ಬಳೇ ಯಾಕೆ ಹೊರುತ್ತೀ."

ಹಿಂದೆ ತೆಗೆದುಕೊಳ್ಳುತ್ತೇನೆ ಎಂದು
ಬರೆದ ಕಾಗದಕ್ಕೆ ಏಳು ವಾರ ಉತ್ತರವಿಲ್ಲ.
ಹಳೆಯ ಸಹೋದ್ಯೋಗಿ ಕಾರಿಡಾರಿನಲ್ಲಿ
ಕಿಟಕಿ ನೋಡುತ್ತ ದಾಟಿದ.
ಕೆಳಗಿನ ಕಣಿವೆಯ ಜರ್ದಾಳು ತೋಟದವನು ಫೋನು ಮಾಡಿದ:
"ಹಾಗಾದರೆ ಬೇಸಿಗೆಗೆ ನೀರು?"
ಗೊತ್ತಿಲ್ಲ, ಅಂದೆ. ಇನ್ನೂ ಗೊತ್ತಿಲ್ಲ.
ಮೊದಲು ಗೊತ್ತಿದೆ ಅಂದಿರಲ್ಲ, ಅಂದ.
ಅಂದಿದ್ದೆ.

ಈಗ ಅಲ್ಯುಮಿನಿಯಂ ಕೋಲು.
ಉಲ್ಜಾನ್ ಗೋಡೆಗೆ ನಿಯಮ ಅಂಟಿಸಿದ್ದಾಳೆ:
ತಿಂಗಳ ಮೊದಲ ದಿನ
ಹಿಮಕ್ಕಿಂತ ಮುಂಚೆ ಕೋಲನ್ನು ಅಳೆಯುವುದು.
ಪುಸ್ತಕದಲ್ಲಿ ಅವಳ ಮೊದಲ ಸಾಲು:
"ಇನ್ನೂರು. ಸರಿ ಇದೆ."
ಅದರಡಿ ಪೆನ್ಸಿಲಿನಲ್ಲಿ, ನನಗೋ, ತನಗೋ,
"ಟೇಪನ್ನು ಅಳೆದವರು ಯಾರು?"