ಸಹಿಗಾಗಿ ಮಂಡಿಸಿದೆ

ಆದೇಶ ಬಂದದ್ದು ಮಂಗಳವಾರ, ಮೂರು ಪುಟ.
ಬಡತನ ತಗ್ಗಿಸಲಿಕ್ಕೆ ಆಯೋಗ.
ದಾವಣಗೆರೆಯ ಸಭೆಯ ಏರ್ಪಾಡು ನನ್ನ ಮೇಜಿಗೆ.
ಶಿರಸ್ತೇದಾರ್ ಗುರುಶಾಂತಯ್ಯ ಕನ್ನಡಕ ಒರೆಸುತ್ತ
"ಕುರ್ಚಿ ಕಮ್ಮಿ ಬೀಳಬಾರದಪ್ಪ," ಅಂದರು,
"ಉಳಿದದ್ದು ಹೆಂಗೋ ನಡೀತತೆ."

ಹಾಗಾಗಿ ಮೊದಲು ಕುರ್ಚಿ.
ಅಧ್ಯಕ್ಷರಿಗೆ ಬಿಳಿ ಟವೆಲ್ ಹೊದಿಸಿದ್ದು ಒಂದು,
ಸದಸ್ಯರಿಗೆ ಕೈ ಇರುವವು ಆರು,
ಇಲಾಖೆಯವರಿಗೆ ಕೈ ಇಲ್ಲದವು ನಲವತ್ತು.
"ಬಡವರಿಗೆ?" ಅಂದ ಶಾಮಿಯಾನದ ಹಾಲಪ್ಪ,
ಪೆನ್ಸಿಲ್ ಕಿವಿಯಿಂದ ತೆಗೆಯುತ್ತ.
ನಕ್ಷೆಯನ್ನು ತಿರುಗಿಸಿ ತಿರುಗಿಸಿ ನೋಡಿದೆ.
"ಅವರು ನಿಂತೇ ಹೇಳ್ತಾರೆ."
ಅಂದ ಮೇಲೆ ಬಾಯಲ್ಲಿ
ಸುಣ್ಣ ಹೆಚ್ಚಾದ ಎಲೆಯ ಉರಿ.

ಅಂದಾಜು ಪಟ್ಟಿಯಲ್ಲಿ ಎಲ್ಲ ಇತ್ತು:
ಪ್ರಯಾಣ ಭತ್ಯೆ, ದಿನಭತ್ಯೆ, ಹೂಗುಚ್ಛ,
ಕರೆಂಟು ಹೋದರೆ ಜನರೇಟರಿಗೆ ಡೀಸೆಲ್,
ಹೊರಗಿನವರು ಕೇಳಿಯೇ ಕೇಳುತ್ತಾರೆಂದು ಬೆಣ್ಣೆ ದೋಸೆ.
ಕೊನೆಯ ಸಾಲು: ಸಾಕ್ಷಿಗಳು, ಇಪ್ಪತ್ತು ಮಂದಿ.
ಅದರ ಮುಂದಿನ ಮನೆ ಖಾಲಿ.

ಮಂಡಕ್ಕಿ ಭಟ್ಟಿಯ ಓಣಿಗೆ ಹನ್ನೊಂದಕ್ಕೆ ಹೋದೆ.
ಒಲೆ ಆರಿತ್ತು. ಬಾಗಿಲಿಗೆ ಗೋಣಿ ಇಳಿಬಿಟ್ಟಿತ್ತು.
ಕಪ್ಪು ಗೋಡೆಗೆ ಬೆನ್ನು ಕೊಟ್ಟು ಕೂತಿದ್ದ ಮುದುಕ
ಬೆರಳು ತುಟಿಗಿಟ್ಟ: ಮಲಗ್ಯಾರೆ.
ಮರುದಿನ ನಸುಕಿನ ನಾಲ್ಕಕ್ಕೆ ಮತ್ತೆ ಹೋದೆ.
ಹೊಟ್ಟಿನ ಬೆಂಕಿ, ಕಾದ ಮರಳು,
ಅಕ್ಕಿ ಚಟಚಟ ಅರಳಿ ಬೆಳ್ಳಗಾಗುವ ಹೊತ್ತು;
ಜರಡಿ ಹಿಡಿದ ಖೈರುನ್ನಿಸಾಳ ರೆಪ್ಪೆಯ ಮೇಲೂ ಬೂದಿ.
ಕೈ ನಿಲ್ಲಿಸದೆ ಕೇಳಿದಳು:

"ಎಷ್ಟು ಗಂಟೆಗೆ ಬರಬೇಕು?"
ಹನ್ನೊಂದಕ್ಕೆ.
"ಆವಾಗ ನಿದ್ದೆ. ನಿದ್ದೆ ಬಿಟ್ರೆ ರಾತ್ರಿ ಕೈ ಸುಡ್ತತೆ.
ಬರೋ ಸಾಹೇಬ್ರಿಗೆ ದುಡ್ಡು ಕೊಡ್ತಾರಾ?"
ಕೊಡ್ತಾರೆ.
"ನಮ್ಮ ಬಡತನ ಕೇಳೋದಕ್ಕಾ?"
ಹೌದು.
"ಕೇಳೋರಿಗೆ ಕೂಲಿ ಐತೆ. ಹೇಳೋರಿಗಿಲ್ಲೇನು?"
ಜರಡಿ ಒಮ್ಮೆ ಜೋರಾಗಿ ಕುಲುಕಿತು. ಅಷ್ಟೇ.

ನಮ್ಮಪ್ಪ ಹತ್ತಿ ಗಿರಣಿಯಲ್ಲಿ ನೂಲು ಹಾಯಿಸುತ್ತಿದ್ದ.
ಸೈರನ್ ನಿಂತ ವರ್ಷ
ಅವರ ಗೋಳು ಕೇಳಲೂ ಯಾರೋ ಬಂದಿದ್ದರು.
ಮದುವೆಯ ಅಂಗಿಗೆ ತಂಬಿಗೆ ಕೆಂಡದ ಇಸ್ತ್ರಿ ಹಾಕಿ ಹೋದ,
ಚೀಟಿ ನಂಬರ್ ಅರವತ್ತೊಂದು.
ಐವತ್ತೆಂಟಕ್ಕೆ ಸಾಹೇಬರ ರೈಲಿನ ಹೊತ್ತಾಯಿತಂತೆ.
ಆ ಚೀಟಿ ಬಹಳ ದಿನ ಪಂಚಾಂಗದೊಳಗಿತ್ತು;
ಆಮೇಲೆ ಪಂಚಾಂಗ ಬದಲಾಯಿತು.

ಕಚೇರಿಗೆ ಬಂದು ಹಸಿರು ಹಾಳೆಯಲ್ಲಿ ಟಿಪ್ಪಣಿ ಬರೆದೆ:
ಸಾಕ್ಷಿಗಳಿಗೆ ಒಂದು ದಿನದ ಕೂಲಿ
ಮಂಜೂರು ಮಾಡಬಹುದೇ ಎಂದು
ಆದೇಶ ಕೋರಿದೆ.
ಕಡತ ಮೇಲೆ ಹತ್ತಿತು. ನಾಲ್ಕು ದಿನ ಅಲ್ಲೇ ಕೂತಿತು.
ಇಳಿದಾಗ ಅಂಚಿನಲ್ಲಿ ಕೆಂಪು ಶಾಯಿಯ ಒಂದೇ ಪದ:
ಚರ್ಚಿಸಿ.

ಯಾರ ಜೊತೆ ಎಂದು ಬರೆದಿರಲಿಲ್ಲ.

ಹಾಗಾಗಿ ಬೈಸಿಕಲ್ ಹತ್ತಿ ಮತ್ತೆ ಅದೇ ಓಣಿಗೆ ಹೋದೆ,
ಚರ್ಚಿಸಿದೆ.
ಖೈರುನ್ನಿಸಾ ಬಿಸಿ ಮಂಡಕ್ಕಿ ಒಂದು ಹಿಡಿ ಅಂಗೈಗೆ ಸುರಿದಳು:
"ನೀವೇ ಬರ್ರಲ್ಲ. ನಾವು ಎದ್ದಿರೋವಾಗ."

ಪರಿಷ್ಕೃತ ಸೂಚನಾಪತ್ರ ನಾನೇ ಟೈಪು ಮಾಡಿದೆ:
ಸ್ಥಳ, ಭಟ್ಟಿ ಸಂಖ್ಯೆ ಹದಿನಾಲ್ಕು.
ಸಮಯ, ನಸುಕಿನ ನಾಲ್ಕು.
ಆಸನ, ಭತ್ತದ ಚೀಲ, ಅಧ್ಯಕ್ಷರೂ ಸೇರಿದಂತೆ.
ಹೇಳುವವರು ಕೆಲಸ ನಿಲ್ಲಿಸುವುದಿಲ್ಲ,
ಕೇಳುವವರು ಹೊಗೆಗೆ ಕಣ್ಣು ಉಜ್ಜಿಕೊಳ್ಳಬಹುದು.

ಗುರುಶಾಂತಯ್ಯ ಎರಡು ಸಲ ಓದಿದರು.
ಕನ್ನಡಕ ತೆಗೆದರು, ಒರೆಸಲಿಲ್ಲ.
"ನಿನಗೇನು ಬ್ಯಾರೆ ಕೆಲಸಿಲ್ಲೇನಪ್ಪ," ಅಂದರು,
ಆದರೆ ಹರಿಯಲಿಲ್ಲ.

ಹಾಲಪ್ಪನಿಗೆ ಫೋನು ಮಾಡಿ
ಕುರ್ಚಿ ಸದ್ಯಕ್ಕೆ ಬೇಡ ಎಂದಿದ್ದೇನೆ.
ಮುಂಗಡ ವಾಪಸು ಕೊಡುವುದಿಲ್ಲವಂತೆ.

ಕೊನೆಯ ಸಾಲಿನಲ್ಲಿ ಎಂದಿನಂತೆ:
ಸಹಿಗಾಗಿ ಮಂಡಿಸಿದೆ.
ಜೇಬಿನ ತಳದಲ್ಲಿ
ಇನ್ನೂ ನಾಲ್ಕು ಕಾಳು ಮಂಡಕ್ಕಿ ಇವೆ, ಮೆತ್ತಗಾಗಿವೆ.