ನಾಲ್ಕನೆಯ ಮನೆ

ಜಿಂಜಾ ಪೇಟೆಯಲ್ಲಿ ಬಸ್ಸು ಹೊರಳುವ ಮೂಲೆ.
ಹರಿದ ಕೊಡೆ, ಕಾಲು ಕುಂಟುವ ಮೇಜು, ನಾನು ನೈಗಾಗ.
ಪಕ್ಕಕ್ಕೊಂದು ಕರಿಹಲಗೆ;
ಅಳಗುಳಿ ಮಣೆಯ ಹಾಗೆ ಅದರಲ್ಲಿ ಮನೆಗಳು:
ಹಳದಿ ಕಂಪನಿಗೊಂದು, ಕೆಂಪಿಗೊಂದು,
ಮೊನ್ನೆ ಮೊನ್ನೆ ಬಂದ ನೀಲಿಗೊಂದು.
ದಿನದ್ದಕ್ಕೆ ಎಷ್ಟು, ವಾರದ್ದಕ್ಕೆ ಎಷ್ಟು,
ನಡುರಾತ್ರಿಯಿಂದ ಕೋಳಿ ಕೂಗುವ ತನಕದ್ದಕ್ಕೆ ಎಷ್ಟು.
ಸೀಮೆಸುಣ್ಣದಲ್ಲಿ ಬರೆಯುತ್ತೇನೆ,
ದರ ಬದಲಾದ ದಿನ ಮುಂಗೈಯಲ್ಲಿ ಒರೆಸುತ್ತೇನೆ.
ನನ್ನ ಮುಂಗೈ ಯಾವಾಗಲೂ ಬೂದಿ ಬಣ್ಣ.

"ಯಾವುದು ಅಗ್ಗ?" ಎನ್ನುತ್ತಾರೆ ಬಂದವರು.
ನಾನು ಕೇಳುತ್ತೇನೆ: ನಿನ್ನವರು ಎಲ್ಲಿದ್ದಾರೆ?
ಗುಡ್ಡದ ಈಚೆಗೋ, ಆಚೆಗೋ?

ಇಸಾಬಿರ್ಯೆ ದೋಣಿಯವನು. ಅವನಿಗೆ ಹಳದಿ ದಂಡ,
ಎರಡನೆಯ ಬಂಡೆ ದಾಟಿದರೆ ಮಾತು ತುಂಡು.
ಕೆಂಪು ತುಟ್ಟಿ; ಆದರೆ ದ್ವೀಪದ ಗೋಪುರದಿಂದ
ಅವನು ಬಲೆ ಎಳೆಯುವಲ್ಲಿವರೆಗೂ ಕೈ ಚಾಚುತ್ತದೆ.
ಮೀನಿನ ಬೆಲೆ ಈ ದಡದಲ್ಲಿ ಬಿದ್ದಿದೆಯೆಂದು
ನೀರಿನ ಮೇಲೇ ತಿಳಿದರೆ
ಬೇರೆ ದಡಕ್ಕೆ ಹೊರಳಿಸಬಹುದು ಮೂತಿ.
ಅವನ ಲೆಕ್ಕದಲ್ಲಿ ತುಟ್ಟಿಯೇ ಅಗ್ಗ.

ಕಾವಲಿನ ಬಾಲಿಕೋವಾನನ್ನು ಕೇಳುವುದೇ ಬೇಡ,
ಅವನದು ರಾತ್ರಿಯ ಮೂಟೆ.
ಲೋಕ ಮಲಗಿದಾಗ ಕಂಪನಿ ರಾಶಿ ರಾಶಿ ಅಳೆದು ಕೊಡುತ್ತದೆ,
ಎಚ್ಚರವಿದ್ದವನಿಗೆ ಮಾತ್ರ.
ಸಕ್ಕರೆ ಗೋದಾಮಿನ ಗೇಟಿಗೆ ಬೆನ್ನು ಕೊಟ್ಟು
ಮಗಳ ರಸಾಯನಶಾಸ್ತ್ರದ ಪಾಠಗಳನ್ನು
ಒಂದೊಂದೇ ಇಳಿಸಿಕೊಳ್ಳುತ್ತಾನೆ.
ಬೆಳಿಗ್ಗೆ, ಹಾಲಿನ ತಂಬಿಗೆ ಹಿಡಿದ ಹಾಗೆ,
ಫೋನನ್ನು ಅಲುಗಿಸದೆ ಮನೆಗೆ ಒಯ್ಯುತ್ತಾನೆ.
ಅಲುಗಿದರೆ ಚೆಲ್ಲುವುದಿಲ್ಲ ಮಾರಾಯ, ಎಂದೆ.
ಗೊತ್ತು, ಎಂದ.
ಹಾಗೇ ಒಯ್ದ.

ನಾಂಗೋಬಿಯದೇ ನನಗೆ ತಲೆನೋವು.
ಎದುರಿಗೆ ಕೂತು ಜೋಳದ ತೆನೆ ಸುಡುತ್ತಾಳೆ,
ದಿನಾ ಐನೂರು ಶಿಲ್ಲಿಂಗ್, ದಿನಾ ಅದೇ ಚಿಟಿಕೆ ಡೇಟಾ.
ಒಂದು ಸಂಜೆ ಲೆಕ್ಕ ಹಾಕಿ ತೋರಿಸಿದೆ:
ನಿನ್ನ ಮೂವತ್ತು ಐನೂರು ಹದಿನೈದು ಸಾವಿರ,
ತಿಂಗಳದ್ದು ಹತ್ತೇ ಸಾವಿರ, ಅದೂ ಇಮ್ಮಡಿ ಅಳತೆ.
ವರ್ಷಕ್ಕೆ ಎರಡು ಹುಂಜ ಕೊಯ್ದು ಬಡಿಸುತ್ತಿದ್ದೀಯ
ಮುಖ ನೋಡಿರದ ಸಾಹುಕಾರನಿಗೆ!
ಅವಳು ತೆನೆ ಹೊರಳಿಸುತ್ತ ಅಂದಳು:
"ಹತ್ತು ಸಾವಿರ ಒಟ್ಟಿಗೆ ಬಂದ ದಿನ
ಮಧ್ಯಾಹ್ನದವರೆಗೂ ಅದು ನನ್ನ ಕೈಯಲ್ಲಿ ನಿಲ್ಲುವುದಿಲ್ಲ.
ನಿನ್ನ ಹಲಗೆಯಲ್ಲಿ ಅದಕ್ಕೊಂದು ಮನೆ ಇದೆಯೇ?"
ಇರಲಿಲ್ಲ.

ಟೊಮ್ಯಾಟೊದವಳು ಗುಡ್ಡೆಯ ಮೇಲೆ ಇನ್ನೊಂದಿಟ್ಟು
ಕೊಸರು ಎನ್ನುತ್ತಾಳೆ.
ಕಂಪನಿಗೆ ಕೊಸರು ಗೊತ್ತಿಲ್ಲ;
ಹನ್ನೆರಡು ಹೊಡೆದರೆ ತಟ್ಟೆಯಲ್ಲಿ ಉಳಿದದ್ದನ್ನೂ
ಬಾಚಿಕೊಂಡು ಹೋಗುತ್ತದೆ.

ಮೊನ್ನೆ ತಡವಾಗಿ ಅವಳ ವಠಾರದ ಮುಂದೆ ಹಾದೆ.
ಕತ್ತಲಲ್ಲಿ ಗೋಡೆಗೆ ಒರಗಿ ಮೂರು ಮುಖ,
ಗಲ್ಲದ ಕೆಳಗಿಂದ ಬೆಳಕು.
ಒಬ್ಬನಿಗೆ ಫುಟ್‌ಬಾಲಿನ ಗೋಲು ಬೇಕು,
ಒಬ್ಬ ಯಾರಿಗೋ ಬರೆದು ಬರೆದು ಅಳಿಸುತ್ತಿದ್ದ,
ಮೂರನೆಯವನ ಬಳಿ ಫೋನೇ ಇರಲಿಲ್ಲ,
ಸುಮ್ಮನೆ ಕೂತಿದ್ದ.
ಒಳಗಿಂದ ನಾಂಗೋಬಿಯ ದನಿ:
"ಇನ್ನೂ ಮೂವತ್ತೆಂಟು ಎಂಬಿ ಇದೆ ಕಣ್ರೋ,
ಹಳಸುವ ಮುಂಚೆ ಮುಗಿಸಿ!"

ಬೆಳಿಗ್ಗೆ ಹಲಗೆಯಲ್ಲಿ ಇನ್ನೊಂದು ಗೀಟು ಎಳೆದೆ.
ನೀಲಿ ಕಂಪನಿಯ ಅಂಗಿ ತೊಟ್ಟ ಹುಡುಗ
ಹುಬ್ಬು ಗಂಟಿಕ್ಕಿ ಓದಿದ:
ಹನ್ನೊಂದೂವರೆಯಿಂದ ಹನ್ನೆರಡು. ವ್ಯಾಪ್ತಿ: ಒಂದು ಗೋಡೆ.
ದರದ ಜಾಗ ಖಾಲಿ.
"ಇದು ಯಾರ ಕಂಪನಿ? ಬಣ್ಣ ಯಾವುದು?"
ನಾನು ಎದುರಿನ ಹೊಗೆಯ ಕಡೆ ಗಲ್ಲ ಎತ್ತಿದೆ.

ಅವನು ಹೋದ. ಒಂದು ತೆನೆಗೆ ಚೌಕಾಸಿ ಮಾಡಿದ.
ನಾಂಗೋಬಿ ಒಂದು ಕಾಸೂ ಬಿಡಲಿಲ್ಲ.
ಉಪ್ಪು ಮೆಣಸು ಮಾತ್ರ
ಎರಡು ಸಲ ಸವರಿ ಕೊಟ್ಟಳು.